ಕೆಜಿ ಲೆಕ್ಕಕ್ಕೆ ಹೋದ ಥಿಯೊಡೊಲೈಟು: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಸರ್ಕಾರಿ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ಪಿಂಚಣಿ ಬಗ್ಗೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ, ಅದು ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆ. ಇದು ಹಿತ್ತಾಳೆಯ ವಿಷಯ.

ಎರಡು ವರ್ಷದ ಹಿಂದೆ ಕೆಟ್ಟುಹೋದ ಮಿಕ್ಸಿ, ಹಳೇ ಪೇಪರು ಹಾಕಲು ನಮ್ಮೂರಿನ ಗುಜರಿ ಅಂಗಡಿಗೆ ಹೋಗಿದ್ದೆ. ತಕ್ಕಡಿಯ ಪಕ್ಕ ಒಂದು ಗೋಣಿಚೀಲ ಒರಗಿಸಿದ್ದರು. ಅದರ ಬಾಯಲ್ಲಿ ಒಂದು ದುಂಡನೆಯ ತಟ್ಟೆ ಇಣುಕುತ್ತಿತ್ತು. ದೂರದಿಂದ ನೋಡಿದರೆ ಆರತಿ ತಟ್ಟೆ ಅನ್ನಬೇಕು. ಹತ್ತಿರ ಹೋಗಿ ಬೆರಳಾಡಿಸಿದೆ. ಅಂಚಿಗೆ ಬೆಳ್ಳಿಯ ತೆಳು ಪಟ್ಟಿ ಕೂರಿಸಿತ್ತು. ಪಟ್ಟಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು, ಸುತ್ತಲೂ, ಸೊನ್ನೆಯಿಂದ 360ರವರೆಗೆ. ನೆಲ ಸರ್ವೆ ಮಾಡುವಾಗ ಕೋನ ಅಳೆಯುವ ಉಪಕರಣ ಇದೆಯಲ್ಲ, ಥಿಯೊಡೊಲೈಟು, ಅದರ ಅಳತೆ ತಟ್ಟೆ ಅದು. ಪಂಚೆಯ ತುದಿಯಿಂದ ಧೂಳು ಒರೆಸಿದಾಗ ಮಾಡಿದವರ ಹೆಸರು ಕಂಡಿತು: ಟ್ರೌಟನ್ ಅಂಡ್ ಸಿಮ್ಸ್, ಲಂಡನ್.

ಆ ಹೆಸರಿನ ಕಂಪನಿ 1922ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ ಹೆಸರು ಬದಲಾಯಿಸಿಕೊಂಡಿತು. ಅಂದರೆ ಈ ತಟ್ಟೆ ಅದಕ್ಕೂ ಮುಂಚಿನದು. ನೂರು ವರ್ಷ ದಾಟಿದ್ದು.

‘ಇದೆಲ್ಲಿಂದ ಬಂತಪ್ಪಾ?’ ಅಂದೆ.

‘ಕಾಲೇಜಿನ ಹರಾಜಲ್ಲಿ ಸಾರ್. ಲಾಟು ಒಟ್ಟಿಗೆ ಬಂತು.’

‘ದುರ್ಬೀನು ಇರಬೇಕಲ್ಲ ಇದರ ಮೇಲೆ?’

‘ಗ್ಲಾಸೆಲ್ಲ ತೆಗೆದು ಬಿಸಾಕಿದ್ವಿ ಸಾರ್. ಗ್ಲಾಸ್ ಇದ್ರೆ ಹಿತ್ತಾಳೆ ರೇಟಿಗೆ ಯಾರೂ ತಗೊಳಲ್ಲ.’

ಚೀಲದಲ್ಲಿ ಇನ್ನೇನಿದೆ ಅಂತ ಕೈ ಹಾಕಿದೆ. ಬೆಳಕಿನ ಬಣ್ಣ ಬಿಡಿಸಿ ನೋಡುವ ಸ್ಪೆಕ್ಟ್ರೋಮೀಟರಿನ ಕಾಲು, ಕರೆಂಟು ಅಳೆಯುವ ಟ್ಯಾಂಜೆಂಟ್ ಗ್ಯಾಲ್ವನೋಮೀಟರಿನ ಬಳೆ, ಗಾಳಿಯ ಒತ್ತಡ ಅಳೆಯುವ ಒಂದು ಫೋರ್ಟಿನ್ ಬ್ಯಾರೊಮೀಟರಿನ ಹಿತ್ತಾಳೆ ಕವಚ. ಅದರೊಳಗಿನ ಗಾಜಿನ ನಳಿಗೆ ಇರಲಿಲ್ಲ. ನಳಿಗೆಯಲ್ಲಿದ್ದ ಪಾದರಸ ಯಾವ ಚರಂಡಿಗೆ ಹೋಯಿತೋ, ಕೇಳಲು ಧೈರ್ಯ ಬರಲಿಲ್ಲ. ಕೆಜಿಗೆ ನಾನೂರರಂತೆ ಮೂರು ಕೆಜಿಗೆ ಸಾವಿರದ ಇನ್ನೂರು ಕೊಟ್ಟು ತಟ್ಟೆಯನ್ನು ಮನೆಗೆ ತಂದೆ. ಹೆಂಡತಿ, ‘ಸಾಮಾನು ಹಾಕಿ ಬನ್ನಿ ಅಂದರೆ ತಗೊಂಡು ಬಂದಿದೀರಾ’ ಅಂದಳು.

ಆ ಕಾಲೇಜಿನ ಹೆಸರು ಬರೆಯುವುದಿಲ್ಲ. ಯಾರ ಮೇಲೂ ದೂರು ಹೇಳಲು ನನಗೆ ಮುಖ ಇಲ್ಲ. ಯಾಕೆಂದರೆ ಹಳೇ ಸಾಮಾನನ್ನು ಹರಾಜಿಗೆ ಹಾಕುವ ಇಂಥ ಕಮಿಟಿಯಲ್ಲಿ ನಾನೂ ಎರಡು ಸಲ ಸಹಿ ಹಾಕಿದ್ದೇನೆ. ಅದು ಹೇಗೆ ನಡೆಯುತ್ತದೆ ಅಂತ ನಿಮಗೆ ಫೈಲಿನಲ್ಲಿ ಕಾಣುವುದಿಲ್ಲ, ಹೇಳುತ್ತೇನೆ ಕೇಳಿ. ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್ ತಂಡ ಬರುವ ದಿನ ಗೊತ್ತಾಗುತ್ತದೆ. ಲ್ಯಾಬು ಚೊಕ್ಕಟ ಕಾಣಬೇಕು, ಕಂಪ್ಯೂಟರ್ ಇಡಲು ಜಾಗ ಬೇಕು. ಹಳೇ ಮರದ ಬೀರುಗಳನ್ನು ತೆಗೆಸುತ್ತಾರೆ. ಕಾಲೇಜಿನ ಸಾಮಾನುಗಳನ್ನೆಲ್ಲ ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರು ತಂದು ಒಂದೊಂದೇ ಸಾಲಿನ ಮುಂದೆ ‘ದುರಸ್ತಿಗೆ ಯೋಗ್ಯವಲ್ಲ’ ಅಂತ ಬರೆಯುತ್ತಾರೆ. ಮೂವರ ಸಹಿ. ಊಟದ ಹೊತ್ತಿಗೆ ಮುಗಿದಿರುತ್ತದೆ. ಆ ವಸ್ತು ಏನು, ಯಾವ ಕಾಲದ್ದು, ಯಾಕೆ ಕೊಂಡಿದ್ದರು ಅಂತ ಕೇಳುವ ಕಾಲಂ ಆ ಫಾರಂನಲ್ಲಿ ಇಲ್ಲ. ಇದ್ದಿದ್ದರೆ ನಾವೂ ತುಂಬುತ್ತಿದ್ದೆವು. ನಾವು ಕಾಲಂ ತುಂಬುವ ಜನ.

‘ದುರಸ್ತಿಗೆ ಯೋಗ್ಯವಲ್ಲ’ ಅನ್ನುವ ಮಾತಿಗೆ ಒಂದು ಕತೆ ನೆನಪಾಗುತ್ತದೆ. ಅದು ಶುರುವಾಗುವುದು ನಮ್ಮ ಬೆಂಗಳೂರಿನಲ್ಲೇ.

ಟಿಪ್ಪು ಬಿದ್ದ ಮೇಲೆ, 1800ರ ಅಕ್ಟೋಬರಿನಲ್ಲಿ, ವಿಲಿಯಂ ಲ್ಯಾಂಬ್ಟನ್ ಅನ್ನುವ ಸೇನಾ ಅಧಿಕಾರಿ ಬೆಂಗಳೂರಿನ ಹತ್ತಿರ ನೆಲ ಅಳೆಯಲು ಕೂತ. ಸುಮ್ನೆ ಹೊಲ ಅಳೆದ ಹಾಗಲ್ಲ. ಸುಮಾರು ಏಳೂವರೆ ಮೈಲಿ ಉದ್ದದ ಒಂದು ಸರಳರೇಖೆ. ಅದನ್ನು ಡಿಸೆಂಬರ್‌ವರೆಗೆ ಅಳೆದ. ಕೈಯಲ್ಲಿದ್ದದ್ದು ನೂರು ಅಡಿಯ ಒಂದು ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಆ ಸರಪಳಿ ಮೊದಲು ಹೊರಟಿದ್ದು ಚೀನಾಕ್ಕೆ! ಅಲ್ಲಿನ ಚಕ್ರವರ್ತಿಗೆ ಉಡುಗೊರೆ ಕೊಡಲು ಬ್ರಿಟಿಷರ ನಿಯೋಗ ಒಯ್ದಿತ್ತು. ಅವರಿಗೆ ಬೇಡವಾಯಿತು. ಕೈ ಬದಲಾಯಿಸಿಕೊಂಡು ಕೊನೆಗೆ ನಮ್ಮ ರಾಗಿ ಹೊಲಗಳ ನಡುವೆ ಬಂದು ಮಲಗಿತು. ಚೀನಾದ ದೊರೆ ‘ಇರಲಿ ಬಿಡಿ’ ಅಂದು ಇಟ್ಟುಕೊಂಡಿದ್ದರೆ ಲ್ಯಾಂಬ್ಟನ್ ಏನು ಮಾಡುತ್ತಿದ್ದನೋ.

ಅವನಿಗೆ ಇಂಗ್ಲೆಂಡಿನಿಂದ ಬರಬೇಕಿದ್ದ ದೊಡ್ಡ ಥಿಯೊಡೊಲೈಟಿನ ಪ್ರಯಾಣ ಇನ್ನೂ ಮಜವಾಗಿದೆ. ಅದು ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ್ದು. ತಟ್ಟೆಯ ಅಗಲವೇ ಮೂರು ಅಡಿ, ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಎಳೆದೊಯ್ದರು. ಆಗ ಎರಡೂ ದೇಶಕ್ಕೆ ಯುದ್ಧ. ಆದರೂ ಅದು ವಿಜ್ಞಾನದ ಸಾಮಾನು ಅಂತ ಗೊತ್ತಾದ ಮೇಲೆ ಅಲ್ಲಿನ ಫ್ರೆಂಚ್ ಗವರ್ನರ್ ಒಂದು ಮರ್ಯಾದೆಯ ಪತ್ರ ಇಟ್ಟು ಮದರಾಸಿಗೆ ಕಳಿಸಿಕೊಟ್ಟ. ಶತ್ರುವಿಗೂ ಅದು ಕೆಜಿ ಲೆಕ್ಕದ ಹಿತ್ತಾಳೆಯಾಗಿ ಕಾಣಲಿಲ್ಲ ಅನ್ನುವುದನ್ನು ಗಮನಿಸಿ.

1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರದ ಮೇಲಕ್ಕೆ ಅದನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಹಗ್ಗ ಕಿತ್ತುಹೋಯಿತು. ಪೆಟ್ಟಿಗೆ ಗೋಡೆಗೆ ಬಡಿದು ಆ ಮೂರಡಿ ತಟ್ಟೆ ಸೊಟ್ಟಗಾಯಿತು. ಕೂದಲೆಳೆಯ ಗೆರೆಗಳಿರುವ ತಟ್ಟೆ ಸೊಟ್ಟಗಾದರೆ ಮುಗಿಯಿತಲ್ಲ. ನಮ್ಮ ಕಮಿಟಿ ಅಲ್ಲಿದ್ದಿದ್ದರೆ ಐದು ನಿಮಿಷದಲ್ಲಿ ರೈಟ್ ಆಫ್. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡ. ಆರು ವಾರ. ಬೆಣೆ ಹೊಡೆದು, ಸ್ಕ್ರೂ ತಿರುಗಿಸಿ, ತಟ್ಟೆಯನ್ನು ಇಷ್ಟಿಷ್ಟೇ ಎಳೆದು ಮತ್ತೆ ದುಂಡಗೆ ಮಾಡಿದ. ಆಮೇಲೂ ವರ್ಷಗಟ್ಟಲೆ ಅದರಲ್ಲೇ ಅಳೆದ. ಅದು ಈಗ ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾದಲ್ಲಿದೆ.

ಇನ್ನೊಂದು ಹೆಸರು ಹೇಳಲೇಬೇಕು. ಲ್ಯಾಂಬ್ಟನ್ ಮದರಾಸಿನಿಂದ, ಕೋನ ಅಳೆದು ದೂರ ಲೆಕ್ಕ ಹಾಕುತ್ತಾ, ತ್ರಿಕೋನಗಳನ್ನು ಹೆಣೆದುಕೊಂಡು ಬಂದಾಗ, ಲೆಕ್ಕ ಸರಿಯಿದೆಯಾ ಅಂತ ನೋಡಲು 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೆ ನೆಲ ಅಳೆಸಿದ. ಕಾಗದದ ಲೆಕ್ಕಕ್ಕೂ ನೆಲದ ಅಳತೆಗೂ ಏಳು ಚಿಲ್ಲರೆ ಮೈಲಿಯಲ್ಲಿ ಬಂದ ವ್ಯತ್ಯಾಸ ನಾಲ್ಕು ಇಂಚೂ ಇಲ್ಲ. ಆ ನೆಲ ಅಳೆದವನು ಜಾನ್ ವಾರೆನ್. ಕೋಲಾರದ ಕಡೆಯವರಿಗೆ ಈ ಹೆಸರು ಗೊತ್ತಿರುತ್ತದೆ. 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಸುತ್ತ ಹಳ್ಳಿಯವರು ಮಣ್ಣಿನಿಂದ ಚಿನ್ನ ತೊಳೆದು ತೆಗೆಯುವುದನ್ನು ಕಂಡು ಬರೆದಿಟ್ಟವನು ಅವನೇ. ಕೆಜಿಎಫ್ ಕತೆಯ ಮೊದಲ ಪುಟ ಅದು. ಮುಂದೆ ಮದರಾಸಿನ ವೀಕ್ಷಣಾಲಯ ನೋಡಿಕೊಂಡ. ವಯಸ್ಸಾದ ಮೇಲೆ ನಮ್ಮ ಪಂಚಾಂಗದ ಲೆಕ್ಕಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಪುದುಚೇರಿಯಲ್ಲಿ ಒಬ್ಬ ಪಂಚಾಂಗದವರು ನೆಲದ ಮೇಲೆ ಕವಡೆ ಜೋಡಿಸುತ್ತಾ, ಕಂಠಪಾಠ ಮಾಡಿದ ಕೋಷ್ಟಕ ಹೇಳಿಕೊಳ್ಳುತ್ತಾ, 1825ರ ಚಂದ್ರಗ್ರಹಣ ಲೆಕ್ಕ ಹಾಕಿದ್ದನ್ನು ಅವನು ಪಕ್ಕದಲ್ಲಿ ಕೂತು ನೋಡಿದ. ಗ್ರಹಣ ಹಿಡಿಯುವ ಹೊತ್ತು ನಾಲ್ಕೇ ನಿಮಿಷ ತಪ್ಪಿತ್ತು. ಬಿಡುವ ಹೊತ್ತು ಜಾಸ್ತಿಯೇ ತಪ್ಪಿತ್ತು, ಅದನ್ನೂ ಹೇಳಬೇಕು. ಇವತ್ತು ಆ ಪದ್ಧತಿ ಹೀಗಿತ್ತು ಅಂತ ಗೊತ್ತಿರುವುದು ವಾರೆನ್ ಬರೆದಿಟ್ಟದ್ದರಿಂದ. ಕವಡೆಗಳು ಮಾತ್ರ ಉಳಿದಿದ್ದರೆ? ಯಾವುದೋ ಚೌಕಾಬಾರದ ಕವಡೆ ಅನ್ನುತ್ತಿದ್ದೆವು.

ನಾನು ಹೇಳಬೇಕಾದದ್ದು ಇದೇ. ಹಳೇ ಉಪಕರಣ ಅಂದರೆ ಬರೀ ವಸ್ತು ಅಲ್ಲ. ಅದರ ಜೊತೆ ಒಂದು ಪುಸ್ತಕ ಇರುತ್ತದೆ, ಒಂದು ಜಾಗ ಇರುತ್ತದೆ, ಬಳಸಲು ಗೊತ್ತಿರುವ ಒಬ್ಬರು ಇರುತ್ತಾರೆ. ಇವನ್ನು ಬಿಡಿಸಿಬಿಟ್ಟರೆ ಉಳಿಯುವುದು ಹಿತ್ತಾಳೆ, ಕಲ್ಲು, ತಾಮ್ರ.

ತಾಮ್ರ ಅಂದಾಗ ನಮ್ಮ ಅಜ್ಜಿ ಮನೆಯ ಗಳಿಗೆ ಬಟ್ಟಲಿನ ಕತೆ ಹೇಳಬೇಕು. ಅಂಗೈಯಲ್ಲಿ ಕೂರುವಂಥ ತೆಳು ತಾಮ್ರದ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಕೊಳಗದಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಒಳಗೆ ಬಂದು, ಸರಿಯಾಗಿ ಒಂದು ಗಳಿಗೆಗೆ, ಅಂದರೆ 24 ನಿಮಿಷಕ್ಕೆ, ಮುಳುಗುತ್ತದೆ. ಹಗಲು ರಾತ್ರಿ ಸೇರಿ ಅರವತ್ತು ಸಲ. ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಇದನ್ನೇ ತೇಲಿಬಿಡುತ್ತಿದ್ದರು. ಗೋಡೆ ಗಡಿಯಾರ ಬಂದ ಮೇಲೆ ಅದು ಅಟ್ಟ ಸೇರಿತು. ಒಂದು ಬೇಸಿಗೆಯಲ್ಲಿ ಕಲಾಯಿ ಹಾಕುವವರು ಊರಿಗೆ ಬಂದಾಗ ಚಿಕ್ಕಮ್ಮ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿಕೊಟ್ಟರು. ಸಂಜೆ ಬಟ್ಟಲು ಫಳಫಳ ಹೊಳೆಯುತ್ತಾ ವಾಪಸ್ ಬಂತು. ಕಲಾಯಿಯವರು ಒಳ್ಳೆಯ ಮನಸ್ಸಿನಿಂದ, ‘ಅಮ್ಮಾ, ತಳ ಸೋರ್ತಾ ಇತ್ತು, ಬೆಸುಗೆ ಹಾಕಿದೀನಿ, ಅದಕ್ಕೆ ದುಡ್ಡು ಬೇಡ’ ಅಂದರು.

ಆ ತೂತೇ ಗಡಿಯಾರ. ಅದನ್ನು ಮುಚ್ಚಿದ ಮೇಲೆ ಉಳಿದದ್ದು ಬಟ್ಟಲು. ಅಜ್ಜ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಬೇರೆ ತೂತು ಕೊರೆಯಬಹುದಿತ್ತು, ಆದರೆ 24 ನಿಮಿಷಕ್ಕೆ ಹೊಂದಿಸುವುದು ಹೇಗೆ ಅಂತ ಗೊತ್ತಿದ್ದವರು ಆಗಲೇ ಯಾರೂ ಇರಲಿಲ್ಲ.

ಒಳ್ಳೆಯ ಮನಸ್ಸಿನಿಂದ ಆಗುವ ಹಾನಿ ಲ್ಯಾಬಿನಲ್ಲೂ ಉಂಟು. ಆಯುಧಪೂಜೆ ಹಿಂದಿನ ದಿನ ಎಲ್ಲ ಉಪಕರಣಗಳನ್ನೂ ಹೊರಗೆ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ, ಇಲ್ಲವೇ ಬ್ರಾಸೊ ಹಚ್ಚಿ ಉಜ್ಜುತ್ತಾರೆ. ಹೊಳಪು ಬರುತ್ತದೆ ನಿಜ. ಆದರೆ ಹಿತ್ತಾಳೆಗೆ ಹಚ್ಚಿದ ಹಳೆಯ ಮೆರುಗೆಣ್ಣೆ ಪದರ ಹೋಗುತ್ತದೆ. ಸೂಕ್ಷ್ಮ ಅಳತೆಗೆಂದು ಇರುವ ಚಿಕ್ಕ ಪಟ್ಟಿ, ವರ್ನಿಯರು, ಅದರ ಗೆರೆಗಳಲ್ಲಿ ತುಂಬಿದ ಕಪ್ಪು ಹೋಗುತ್ತದೆ. ಹತ್ತು ಆಯುಧಪೂಜೆ ಕಳೆಯುವಷ್ಟರಲ್ಲಿ ಬೆಳ್ಳಿ ಪಟ್ಟಿಯ ಗೆರೆಗಳೇ ಸವೆಯುತ್ತವೆ. ಮೇಲೆ ಅರಿಶಿನ, ಕುಂಕುಮ. ಒಂದು ಸಲ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳು ‘ಸಾರ್, ವರ್ನಿಯರ್ ಸೊನ್ನೆ ಕಾಣ್ತಿಲ್ಲ’ ಅಂದಾಗ ನೋಡಿದರೆ ಸೊನ್ನೆಯ ಮೇಲೆ ಸರಿಯಾಗಿ ಒಂದು ಬೊಟ್ಟು ಇತ್ತು. ಪೂಜೆ ಬೇಡ ಅನ್ನುತ್ತಿಲ್ಲ. ಬೊಟ್ಟು ಸ್ಟ್ಯಾಂಡಿಗೆ ಇಡಿ, ಅಳತೆ ಪಟ್ಟಿಗಲ್ಲ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ನನಗೆ ಉಪಕರಣ ಮುಟ್ಟುವುದನ್ನು ಕಲಿಸಿದವರು ಎಂಎಸ್ಸಿ ಮೇಷ್ಟ್ರಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಕಾಲೇಜಿನ ಲ್ಯಾಬ್ ಅಟೆಂಡರ್. ಎಲ್ಲರೂ ಅವರನ್ನು ಅಣ್ಣಾ ಅನ್ನುತ್ತಿದ್ದರು, ಪ್ರಿನ್ಸಿಪಾಲರೂ ಸೇರಿ. ಹಳೇ ಸ್ಪೆಕ್ಟ್ರೋಮೀಟರಿನ ಕಣ್ಣಿನ ಗಾಜಿನೊಳಗೆ ಅಡ್ಡ ಉದ್ದ ಎರಡು ಎಳೆ ಇರುತ್ತದಲ್ಲ, ಅದು ತುಂಡಾದರೆ ಉಪಕರಣ ಕುರುಡು. ಒಂದು ದಿನ ಹಾಗಾಯಿತು. ಅಣ್ಣ ಬೀಡಿ ಆರಿಸಿ ಸ್ಟೋರ್ ರೂಮಿನ ಹಿಂದೆ ಹೋದರು. ಬರುವಾಗ ಬೆಂಕಿಪೊಟ್ಟಣದಲ್ಲಿ ಒಂದು ಜೇಡ. ಒಂದು ಕಡ್ಡಿಯ ಮೇಲೆ ಅದನ್ನು ಬಿಟ್ಟು ಮೆಲ್ಲಗೆ ಊದಿದರು. ಜೇಡ ದಾರ ಬಿಡುತ್ತಾ ಕೆಳಗಿಳಿಯಿತು. ಕವೆಗಡ್ಡಿಯ ನಡುವೆ ಆ ದಾರವನ್ನು ಸುತ್ತಿಕೊಂಡು, ಹಿತ್ತಾಳೆ ಬಳೆಯ ಮೇಲಿದ್ದ ಗೀರಿನಲ್ಲಿ ಕೂರಿಸಿ, ಎರಡೂ ತುದಿಗೆ ಒಂದೊಂದು ಹನಿ ಅಂಟು ಇಟ್ಟರು. ‘ಬಲೆ ಮಧ್ಯದ ದಾರ ಆಗಲ್ಲ ಮೇಷ್ಟ್ರೇ, ಅಂಟಂಟು ಇರುತ್ತೆ. ಇಳಿಯೋವಾಗ ಬಿಡೋ ದಾರವೇ ಆಗಬೇಕು’ ಅಂದರು. ಹಿಂದಿನ ಕಾಲದ ಥಿಯೊಡೊಲೈಟು, ಟೆಲಿಸ್ಕೋಪುಗಳಲ್ಲೂ ಜೇಡನ ದಾರವನ್ನೇ ಹೀಗೆ ಬಳಸುತ್ತಿದ್ದರು. ಆ ಎಳೆ ನಾನಿದ್ದಷ್ಟು ವರ್ಷವೂ ಇತ್ತು. ಅಣ್ಣ ನಿವೃತ್ತರಾದಾಗ ಹಾರ, ಶಾಲು, ಒಂದು ಗಣಪತಿ ಫೋಟೊ ಕೊಟ್ಟೆವು. ಅವರಿಗೆ ಗೊತ್ತಿದ್ದದ್ದನ್ನು ಒಂದು ಹಾಳೆಯಲ್ಲೂ ಬರೆದುಕೊಳ್ಳಲಿಲ್ಲ. ಆ ತಪ್ಪು ನನ್ನದು.

ಸರ್ವೆಯ ದೊಡ್ಡ ಉಪಕರಣಗಳನ್ನೂ ಓಡಿಸಿದ್ದು ಇಂಥವರೇ. ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್ ಮದರಾಸಿನಲ್ಲಿ ಆಭರಣದ ಕೆಲಸ ಮಾಡಿಕೊಂಡಿದ್ದವರು. ಅವರ ಕೈಚಳಕ ನೋಡಿ ಸರ್ವೆಗೆ ಕರೆದುಕೊಂಡರು. ಲ್ಯಾಂಬ್ಟನ್ ನಂತರ ಸರ್ವೆ ನಡೆಸಿದ ಜಾರ್ಜ್ ಎವರೆಸ್ಟ್ ಜೊತೆ ಅವರು ಕೆಲಸ ಮಾಡಿದರು. ಇಂಗ್ಲೆಂಡಿನಿಂದ ಬಂದಿದ್ದ ಉಪಕರಣ ತಯಾರಕ ಬಿಟ್ಟುಹೋದ ಮೇಲೆ, 1843ರಲ್ಲಿ, ಆ ಹುದ್ದೆಗೆ ಮೊಹ್ಸಿನ್ ಹುಸೇನರೇ ಬಂದರು. ಪರ್ವತಕ್ಕೆ ಎವರೆಸ್ಟ್ ಹೆಸರು ಬಿತ್ತು. ಇವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇನ್ನು ಜಾಗದ ಮಾತು. ನಮ್ಮ ಊರುಗಳಲ್ಲಿ ಹಳೇ ಕಚೇರಿ, ಚರ್ಚು, ಸೇತುವೆಯ ಪಕ್ಕ ‘ಜಿಟಿಎಸ್ ಬಿಎಂ’ ಅಂತ ಇಂಗ್ಲಿಷ್ ಅಕ್ಷರ ಕೆತ್ತಿದ ಕಲ್ಲು ಕಾಣಿಸುತ್ತದೆ. ಗ್ರೇಟ್ ಟ್ರಿಗನೊಮೆಟ್ರಿಕಲ್ ಸರ್ವೆಯ ಬೆಂಚ್ ಮಾರ್ಕ್, ಅಂದರೆ ಎತ್ತರದ ಗುರುತು. ಸಮುದ್ರ ಮಟ್ಟದಿಂದ ಆ ಕಲ್ಲು ಎಷ್ಟು ಎತ್ತರದಲ್ಲಿದೆ ಅನ್ನುವುದು ಸರ್ವೆಯ ದಾಖಲೆಯಲ್ಲಿ ಬರೆದಿರುತ್ತದೆ. ರಸ್ತೆ ಅಗಲ ಮಾಡುವಾಗ ಪುಣ್ಯಾತ್ಮರೊಬ್ಬರು ಇಂಥ ಕಲ್ಲನ್ನು ಜೋಪಾನವಾಗಿ ಕಿತ್ತು ಪಾರ್ಕಿನಲ್ಲಿ ನಿಲ್ಲಿಸಿ ಸುತ್ತ ಹೂಗಿಡ ನೆಟ್ಟಿದ್ದನ್ನು ನೋಡಿದ್ದೇನೆ. ಕಲ್ಲು ಚೆನ್ನಾಗಿದೆ. ಆದರೆ ಅದು ಹೇಳುತ್ತಿದ್ದದ್ದು ಆ ಜಾಗದ ಎತ್ತರವನ್ನು. ಈಗ ಅದು ಹೇಳುವುದು ಸುಳ್ಳು. ಕಲ್ಲು ಉಳಿಯಿತು, ಅಳತೆ ಹೋಯಿತು.

ಬೆಂಗಳೂರಿನ ಗವಿ ಗಂಗಾಧರೇಶ್ವರ ನಿಮಗೆ ಗೊತ್ತೇ ಇದೆ. ಸಂಕ್ರಾಂತಿಯ ಸಂಜೆ ಟಿವಿಯವರೆಲ್ಲ ಅಲ್ಲೇ ಇರುತ್ತಾರೆ. ಸೂರ್ಯನ ಬೆಳಕು ಕಿಟಕಿಯಿಂದ ತೂರಿ ನಂದಿಯ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಆದರೆ ಇದು ವರ್ಷಕ್ಕೆ ಒಂದೇ ಸಲ ನಡೆಯುವುದಲ್ಲ. ಸೂರ್ಯ ದಕ್ಷಿಣಕ್ಕೆ ಹೋಗುವಾಗಲೂ ಅದೇ ಜಾಗ ದಾಟಿಕೊಂಡೇ ಹೋಗಬೇಕಲ್ವಾ? ಹಾಗಾಗಿ ನವೆಂಬರ್ ಕೊನೆಯ ವಾರದಲ್ಲೂ ಬೆಳಕು ಬೀಳುತ್ತದೆ. ಆಗ ಅಲ್ಲಿ ಕ್ಯಾಮೆರಾ ಇರುವುದಿಲ್ಲ, ನೆಮ್ಮದಿಯಾಗಿ ನೋಡಬಹುದು. ಬೆಂಗಳೂರಿನ ಖಗೋಳ ಸಂಶೋಧಕಿ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ದೇವಸ್ಥಾನವನ್ನು ಒಂದು ಉಪಕರಣದಂತೆ ನೋಡಿ ಅಳೆದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಡೇನಿಯಲ್ ಚಿತ್ರಕಾರರು ಬರೆದ ಅಲ್ಲಿನ ಚಿತ್ರದ ಜೊತೆ ಇವತ್ತಿನ ಕಟ್ಟಡ ಹೋಲಿಸಿದರು. ಚಿತ್ರದಲ್ಲಿ ಇಲ್ಲದ ಗೋಡೆಗಳು ಇವತ್ತು ಇವೆ. ಅಂದರೆ ಬೆಳಕಿನ ದಾರಿಯೇ ನಡುವೆ ಬದಲಾಗಿದೆ. ಭಕ್ತರ ಅನುಕೂಲಕ್ಕೆ ಒಂದು ಗೋಡೆ, ಒಂದು ಶೀಟಿನ ಚಪ್ಪರ ಹಾಕುವ ಮುಂಚೆ ‘ಇದು ಬೆಳಕಿಗೆ ಅಡ್ಡ ಬರುತ್ತದಾ’ ಅಂತ ಯಾರಾದರೂ ಕೇಳಿದರೆ ಎಷ್ಟು ಚೆನ್ನ. ಮುಜರಾಯಿ ನಿಮ್ಮ ಖಾತೆ ಅಲ್ಲ, ಗೊತ್ತು. ಪಕ್ಕದ ಕೋಣೆಯವರಿಗೆ ಒಂದು ಮಾತು ಹಾಕಿ.

ಪುಸ್ತಕ ಉಳಿದರೆ ಏನಾಗುತ್ತದೆ ಅನ್ನುವುದಕ್ಕೂ ಹತ್ತಿರದ ಉದಾಹರಣೆ ಇದೆ. ಕೊಡೈಕೆನಾಲಿನ ಸೌರ ವೀಕ್ಷಣಾಲಯ 1899ರಲ್ಲಿ ಶುರುವಾಯಿತು. 1904ರಿಂದ ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನ ಫೋಟೊ ತೆಗೆಯುತ್ತಾ ಬಂದರು, ಗಾಜಿನ ಪ್ಲೇಟಿನ ಮೇಲೆ. ಸೂರ್ಯನ ಕಲೆಗಳ ಅಂಚಿನಲ್ಲಿ ಅನಿಲ ಹೊರಕ್ಕೆ ಹರಿಯುತ್ತದೆ ಅಂತ ಜಾನ್ ಎವರ್ಶೆಡ್ 1909ರಲ್ಲಿ ಕಂಡುಕೊಂಡದ್ದು ಅಲ್ಲೇ. ಪ್ಲೇಟುಗಳ ಜೊತೆ ದಿನಾಂಕ, ಹೊತ್ತು ಬರೆದ ದಾಖಲೆ ಉಳಿದವು. ಈಗ ಅದನ್ನೆಲ್ಲ ಡಿಜಿಟಲ್ ಮಾಡಿದ್ದಾರೆ, ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯವರು. ನೂರು ವರ್ಷದ ಸೂರ್ಯನ ನಡವಳಿಕೆ ಬೇಕು ಅಂದರೆ ಪ್ರಪಂಚದ ಬೇರೆ ಬೇರೆ ಕಡೆಯವರು ಈ ಪ್ಲೇಟುಗಳನ್ನು ನೋಡುತ್ತಾರೆ. ಯಾರಾದರೂ 1950ರಲ್ಲಿ ‘ಹಳೇ ಗಾಜು, ಜಾಗ ಖಾಲಿ ಮಾಡಿ’ ಅಂದಿದ್ದರೆ? ಕಳೆದುಹೋದ ದಿನದ ಸೂರ್ಯನ ಫೋಟೊ ಮತ್ತೆ ತೆಗೆಯಲು ಆಗುವುದಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು. ಮದರಾಸು ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ ಹೊಳಪು ಬದಲಾಗುವ ನಕ್ಷತ್ರವೊಂದನ್ನು 1867ರಲ್ಲಿ ಗುರುತಿಸಿದವರು. 1874ರ ಡಿಸೆಂಬರಿನಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಜನಕ್ಕೆ ತಿಳಿಯಲಿ ಅಂತ ಅವರು ಒಂದು ಚಿಕ್ಕ ಪುಸ್ತಕ ಬರೆದು ಹಲವು ಭಾಷೆಗಳಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಕನ್ನಡವೂ ಒಂದು. ನೂರೈವತ್ತು ವರ್ಷದ ಹಿಂದೆ ಕನ್ನಡದಲ್ಲಿ ಶುಕ್ರ ಸಂಕ್ರಮದ ಪುಸ್ತಕ! ಎಲ್ಲೋ ಒಂದು ಕಪಾಟಿನಲ್ಲಿ ಒಂದು ಪ್ರತಿ ಉಳಿದಿದ್ದರಿಂದ ಅದು ಮತ್ತೆ ನಮ್ಮ ಕಣ್ಣಿಗೆ ಬಿತ್ತು. ಕನ್ನಡ ಆವೃತ್ತಿಯನ್ನು ಬೆಳಕಿಗೆ ತಂದವರು ಆಗಲೇ ಹೇಳಿದ ಶೈಲಜಾ ಅವರೇ.

ಈಗ ಕೇಳುವ ವಿಷಯಕ್ಕೆ ಬರುತ್ತೇನೆ. ಹೊಸ ಮ್ಯೂಸಿಯಂ ಕಟ್ಟಿ ಅಂತ ಕೇಳುವುದಿಲ್ಲ. ಕಟ್ಟಡಕ್ಕೆ ಶಂಕುಸ್ಥಾಪನೆ ಆಗುತ್ತದೆ, ಒಳಗೆ ಇಡುವ ಸಾಮಾನು ಅಷ್ಟರಲ್ಲಿ ಗುಜರಿಗೆ ಹೋಗಿರುತ್ತದೆ. ಹೊಸ ಕಾನೂನೂ ಬೇಡ, ಇರುವುದೇ ಸಾಕು. 1972ರ ಪುರಾತನ ವಸ್ತುಗಳ ಕಾಯ್ದೆ ತೆಗೆದು ನೋಡಿ. ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳ ಪಟ್ಟಿಯಲ್ಲಿ ವಿಗ್ರಹ, ನಾಣ್ಯ, ಶಾಸನದ ಜೊತೆಗೇ ಹಿಂದಿನ ಕಾಲದ ವಿಜ್ಞಾನವನ್ನು ತೋರಿಸುವ ವಸ್ತುಗಳೂ ಸೇರಿವೆ. ಅಂದರೆ ಆ ಗೋಣಿಚೀಲದಲ್ಲಿದ್ದ ತಟ್ಟೆಗೂ ಕಾನೂನಿನ ಕಣ್ಣಿನಲ್ಲಿ ಒಂದು ಸ್ಥಾನ ಇದೆ. ಹಳೇ ವಿಗ್ರಹವನ್ನು ಹೀಗೆ ತೂಕಕ್ಕೆ ಹಾಕಿದ್ದರೆ ಊರೇ ಎದ್ದು ನಿಲ್ಲುತ್ತಿತ್ತು. ಥಿಯೊಡೊಲೈಟಿಗೆ ಯಾರು ಏಳುತ್ತಾರೆ?

ಬೇಕಿರುವುದು ಒಂದು ಸುತ್ತೋಲೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ 1960ಕ್ಕಿಂತ ಹಿಂದೆ ಕೊಂಡದ್ದು ಅಂತ ಇರುವ ಯಾವ ಉಪಕರಣವನ್ನೂ, ಕೆಟ್ಟಿರಲಿ ನೆಟ್ಟಗಿರಲಿ, ಫೋಟೊ ತೆ‌ಗೆಯದೆ, ಮಾಡಿದವರ ಹೆಸರು ಮತ್ತು ನಂಬರು ಬರೆದುಕೊಳ್ಳದೆ, ಪುರಾತತ್ವ ಇಲಾಖೆಯವರೋ ವಿಜ್ಞಾನ ವಸ್ತುಸಂಗ್ರಹಾಲಯದವರೋ ಒಬ್ಬರು ನೋಡದೆ ಹರಾಜಿಗೆ ಹಾಕಬಾರದು. ಇಷ್ಟೇ. ಯಾವ ವರ್ಷ ಕೊಂಡದ್ದು ಅಂತ ರಿಜಿಸ್ಟರಿನಲ್ಲಿ ಇಲ್ಲದಿದ್ದರೆ ಹಳೆಯದು ಅಂತಲೇ ತಿಳಿಯಬೇಕು. ಮುಖ್ಯವಾಗಿ ರಿಜಿಸ್ಟರನ್ನೇ ರದ್ದಿಗೆ ಹಾಕಬಾರದು. ನೀಲಿ ಶಾಯಿಯಲ್ಲಿ ದುಂಡಗೆ ಬರೆದ ಆ ಹಳೇ ಪುಸ್ತಕಗಳಲ್ಲಿ ಯಾವ ಉಪಕರಣ ಯಾವ ಹಡಗಿನಲ್ಲಿ, ಎಷ್ಟು ರೂಪಾಯಿ ಆಣೆ ಪೈಗೆ ಬಂತು ಅಂತ ಇರುತ್ತದೆ. ಉಪಕರಣ ಹೋದರೂ ಆ ಸಾಲು ಉಳಿದರೆ ಅರ್ಧ ಉಳಿದಂತೆ. ಪಾದರಸ ಇರುವ ಬ್ಯಾರೊಮೀಟರನ್ನು ಮಾತ್ರ ಯಾರೂ ಬಿಚ್ಚಕೂಡದು ಅಂತ ದಪ್ಪ ಅಕ್ಷರದಲ್ಲಿ ಸೇರಿಸಿ.

ಪಟ್ಟಿ ಮಾಡುವುದು ಆಗದ ಕೆಲಸ ಅನ್ನುವವರಿಗೆ ಶ್ರೀರಾಮುಲ ರಾಜೇಶ್ವರ ಶರ್ಮರನ್ನು ತೋರಿಸಿ. ಅಲೀಗಢದಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದವರು. ಭಾರತದಲ್ಲಿ ಮಾಡಿದ ಹಳೇ ಖಗೋಳ ಉಪಕರಣಗಳು, ಯಂತ್ರರಾಜ (ಆಸ್ಟ್ರೊಲೇಬು, ಸೂರ್ಯ ನಕ್ಷತ್ರಗಳ ಎತ್ತರ ಅಳೆಯುವ ತಟ್ಟೆ), ಗಳಿಗೆ ಬಟ್ಟಲು, ನೆರಳು ಗಡಿಯಾರ, ಎಲ್ಲೆಲ್ಲಿ ಇವೆ ಅಂತ ದೇಶ ವಿದೇಶದ ಸಂಗ್ರಹಾಲಯ ಸುತ್ತಿ, ಒಂದೊಂದನ್ನೂ ಅಳೆದು, ಮೇಲಿನ ಬರಹ ಓದಿ, ದೊಡ್ಡ ಪಟ್ಟಿ ಮಾಡಿದರು. ಅದನ್ನು ಯಾರು ಬೇಕಾದರೂ ಓದುವಂತೆ ಇಂಟರ್‌ನೆಟ್ಟಿನಲ್ಲಿ ಹಾಕಿದರು. ಹತ್ತಾರು ವರ್ಷದ ಒಬ್ಬ ಮನುಷ್ಯನ ಕೆಲಸ ಅದು. ನಮ್ಮಲ್ಲಿ ಪ್ರತಿ ಕಾಲೇಜಿನಲ್ಲೂ ನೂರಾರು ಹುಡುಗರು, ಅಷ್ಟೇ ಫೋನುಗಳು.

ಹುಡುಗರ ಕೈಗೆ ಕೊಡಿ ಅನ್ನುವುದು ನನ್ನ ಎರಡನೇ ಬೇಡಿಕೆ. ಬಿಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಬೈಂಡ್ ಮಾಡಿಸಿ ತರುವುದನ್ನು ಓದಿ ಓದಿ ನನ್ನ ಕಣ್ಣಿನ ಪವರ್ ಏರಿತು. ಅದರ ಬದಲು ಕಪಾಟಿನ ಒಂದು ಹಳೇ ಉಪಕರಣ ಆರಿಸಿಕೊಂಡು, ಅದರ ಕತೆ ಹುಡುಕಿ, ಅದರಲ್ಲೇ ಒಂದು ಅಳತೆ ಮಾಡಲಿ. ನಾನು ಒಂದು ವರ್ಷ ಮಾಡಿಸಿದ್ದೆ. ಮಾರ್ಚ್ 21ರ ಮಧ್ಯಾಹ್ನ, ಕಾಲೇಜಿನ ತಾರಸಿ ಮೇಲೆ, ನಮ್ಮ ಹಳೇ ಥಿಯೊಡೊಲೈಟು. ಕಣ್ಣಿಟ್ಟು ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ, ಹಾಗಾಗಿ ದುರ್ಬೀನಿನ ಹಿಂದೆ ಬಿಳಿ ಹಾಳೆ ಹಿಡಿದು ಅದರ ಮೇಲೆ ಸೂರ್ಯನ ಬಿಂಬ ಬೀಳಿಸಿದೆವು. ಕಾಸಿನಗಲದ ಬೆಳಕು, ಅದರ ಮೇಲೆ ಅಡ್ಡ ಎಳೆಯ ನೆರಳು. ಬಿಂಬ ಏರುವುದು ನಿಂತ ಕ್ಷಣ ತಟ್ಟೆ ಓದಿದರು. ಆ ದಿನ ಸೂರ್ಯ ಹೆಚ್ಚುಕಮ್ಮಿ ಸಮಭಾಜಕದ ಮೇಲಿರುತ್ತಾನೆ. ತೊಂಬತ್ತರಿಂದ ಸೂರ್ಯನ ಎತ್ತರ ಕಳೆದು, ಸಮಭಾಜಕದಿಂದ ಸೂರ್ಯ ಸರಿದಿರುವ ಚೂರನ್ನು ಕೋಷ್ಟಕ ನೋಡಿ ಸರಿಮಾಡಿದರೆ ಸಿಗುವುದೇ ನಮ್ಮೂರಿನ ಅಕ್ಷಾಂಶ. ಫೋನಿನ ಜಿಪಿಎಸ್ ಜೊತೆ ಹೋಲಿಸಿದರು. ಕೋನದ ಲೆಕ್ಕದಲ್ಲಿ ಎರಡು ನಿಮಿಷ (ಡಿಗ್ರಿಗೆ ಅರವತ್ತು ನಿಮಿಷ), ಅಂದರೆ ನೆಲದ ಮೇಲೆ ನಾಲ್ಕು ಕಿಲೋಮೀಟರಿಗೂ ಕಮ್ಮಿ ವ್ಯತ್ಯಾಸ. ಮೂರು ಜನ ಹುಡುಗರು ತಾರಸಿ ಮೇಲೆ ಕುಣಿದರು. ಕೆಳಗೆ ಕನ್ನಡ ವಿಭಾಗದ ಮೇಡಂ ಪಾಠ ನಿಲ್ಲಿಸಿ ಬೈದು ಕಳಿಸಿದರು.

ಸಾವಿರದ ಇನ್ನೂರು ಕೊಟ್ಟು ತಂದ ತಟ್ಟೆ ಈಗ ನಮ್ಮ ಮನೆಯ ಶೋಕೇಸಿನಲ್ಲಿ, ಮೊಮ್ಮಗನ ಕಪ್ಪುಗಳ ಪಕ್ಕ ಇದೆ. ಅದನ್ನು ತಿಕ್ಕಿಲ್ಲ, ತೊಳೆದಿಲ್ಲ. ಹಿಂಭಾಗದಲ್ಲಿ ಬಿಳಿ ಬಣ್ಣದಲ್ಲಿ ಬರೆದ ಸ್ಟಾಕ್ ನಂಬರು ಅರ್ಧ ಓದಲು ಬರುತ್ತದೆ. ಆ ನಂಬರು ಯಾವ ರಿಜಿಸ್ಟರಿನದು, ಆ ರಿಜಿಸ್ಟರು ಇನ್ನೂ ಇದೆಯಾ ಅಂತ ವಿಚಾರಿಸಲು ಎರಡು ಸಲ ಹೋಗಿದ್ದೆ. ಹುಡುಕಿ ಹೇಳುತ್ತೇವೆ ಅಂದಿದ್ದಾರೆ. ಗುಜರಿಯವನು ಕೊಟ್ಟ ಚೀಟಿ ನನ್ನ ಹತ್ತಿರ ಇದೆ, ‘ಹಿತ್ತಾಳೆ 3 ಕೆಜಿ’ ಅಂತ ಬರೆದಿದೆ. ದುಡ್ಡು ವಾಪಸ್ ಬೇಡ. ತಟ್ಟೆಯನ್ನು ಯಾವ ಕಚೇರಿಗೆ, ಯಾರ ಕೈಗೆ ತಂದುಕೊಡಲಿ ಅಂತ ತಿಳಿಸಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಫಿಸಿಕ್ಸ್ ಮೇಷ್ಟ್ರು